ಎಟಿವಿ ಗಾಳಿ ಶೋಧಕ

ಎಟಿವಿ ಗಾಳಿ ಶೋಧಕ ಅಥವಾ ಎಟಿವಿ ಏರ್ ಫಿಲ್ಟರ್ ಎಂಬುದು ಆಲ್-ಟೆರೇನ್ ವೆಹಿಕಲ್‌ಗಳ ಎಂಜಿನ್ ಸೇರುವ ಗಾಳಿಯಿಂದ ಧೂಳು, ಮರಳು, ಕಸಕಡ್ಡಿ ಮುಂತಾದವನ್ನು ಬೇರ್ಪಡಿಸುವ ಬಿಡಿಭಾಗವಾಗಿದೆ. ಎಟಿವಿ ಎಂದು ಸಂಕ್ಷೇಪಿಸಲಾಗುವ ಈ ವಾಹನಗಳು ಡಾಂಬರು ರಸ್ತೆಯಿಂದ ಹೊರಗೆ ಹೊಲ, ಕಾಡುದಾರಿ, ಮರಳುಗಾಡು ಮತ್ತು ಕೆಸರು ನೆಲದಲ್ಲಿ ಸಂಚರಿಸುವುದರಿಂದ, ಕಾರು ಅಥವಾ ರಸ್ತೆ ಮೋಟರ್‌ಸೈಕಲ್‌ಗಳಿಗಿಂತ ಹೆಚ್ಚಿನ ಧೂಳನ್ನು ಎದುರಿಸುತ್ತವೆ. ವಾಹನ ತಯಾರಕರು ಅಳವಡಿಸುವ ಮೂಲ ಶೋಧಕಕ್ಕೆ ಬದಲಾಗಿ ಇತರ ಸಂಸ್ಥೆಗಳು ತಯಾರಿಸಿ ಮಾರುವ ಶೋಧಕಗಳನ್ನು ಆಫ್ಟರ್‌ಮಾರ್ಕೆಟ್ ಶೋಧಕಗಳೆಂದು ಕರೆಯಲಾಗುತ್ತದೆ. ಇವು ಎಣ್ಣೆ ಸವರಿದ ಫೋಮ್, ಎಣ್ಣೆ ಸವರಿದ ಹತ್ತಿ ಬಟ್ಟೆ, ಮಡಿಕೆ ಹಾಕಿದ ಕಾಗದ ಮತ್ತು ಸಂಶ್ಲೇಷಿತ ನಾರುಗಳಿಂದ ತಯಾರಾಗುತ್ತವೆ.

ಶೋಧಕದ ಆಯ್ಕೆಯಲ್ಲಿ ಮೂರು ಗುಣಗಳನ್ನು ತೂಗಿ ನೋಡಬೇಕಾಗುತ್ತದೆ: ಧೂಳನ್ನು ತಡೆಯುವ ದಕ್ಷತೆ, ಗಾಳಿಯ ಹರಿವಿಗೆ ಒಡ್ಡುವ ತಡೆ ಮತ್ತು ಕಟ್ಟಿಕೊಳ್ಳುವ ಮೊದಲು ಹಿಡಿದಿಡಬಲ್ಲ ಧೂಳಿನ ಪ್ರಮಾಣ. ಒಂದೇ ಗಾತ್ರದಲ್ಲಿ ಈ ಮೂರನ್ನೂ ಏಕಕಾಲದಲ್ಲಿ ಹೆಚ್ಚಿಸುವುದು ಕಷ್ಟ. ಇವುಗಳ ಜೊತೆಗೆ, ಶೋಧಕವು ಅದರ ಆಸನದಲ್ಲಿ ಸಂದಿಲ್ಲದಂತೆ ಕೂರುವುದು ಎಂಜಿನ್ನಿನ ಆಯುಷ್ಯವನ್ನು ನಿರ್ಧರಿಸುವ ಮುಖ್ಯ ಅಂಶವಾಗಿದೆ.

ಹಿನ್ನೆಲೆ

ಜಪಾನಿನ ಹೊಂಡಾ ಸಂಸ್ಥೆಯು 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಯುಎಸ್90 ಎಂಬ ಮೂರು ಚಕ್ರದ ವಾಹನವು ಆಧುನಿಕ ಎಟಿವಿಗಳ ಪೂರ್ವಜ ಎನಿಸಿದೆ. ಕಡಿಮೆ ಒತ್ತಡದ ದಪ್ಪ ಟೈರುಗಳ ಈ ವಾಹನವು ನಂತರ ಎಟಿಸಿ90 ಎಂಬ ಹೆಸರು ಪಡೆಯಿತು. 1980ರ ದಶಕದ ಆರಂಭದಲ್ಲಿ ಸುಝುಕಿ ಸಂಸ್ಥೆಯು ನಾಲ್ಕು ಚಕ್ರದ ಕ್ವಾಡ್‌ರನ್ನರ್ ಎಲ್‌ಟಿ125 ಮಾದರಿಯನ್ನು ಪರಿಚಯಿಸಿತು. ಮೂರು ಚಕ್ರದ ವಾಹನಗಳು ಸುಲಭವಾಗಿ ಮಗುಚಿ ಅಪಘಾತಗಳು ಹೆಚ್ಚಿದ್ದರಿಂದ, 1988ರಲ್ಲಿ ಅಮೆರಿಕದ ಸರ್ಕಾರ ಮತ್ತು ತಯಾರಕರ ನಡುವೆ ಆದ ನ್ಯಾಯಾಲಯದ ಒಪ್ಪಂದದಂತೆ ಅಲ್ಲಿ ಅವುಗಳ ಹೊಸ ಮಾರಾಟ ನಿಂತಿತು. ಅನಂತರ ನಾಲ್ಕು ಚಕ್ರದ ಎಟಿವಿಗಳು ಕೃಷಿ, ಪಶುಪಾಲನೆ, ಅರಣ್ಯ ಕಾವಲು, ಬೇಟೆ ಮತ್ತು ಮೋಟರ್ ಕ್ರೀಡೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು.

ಎಟಿವಿಯ ಚಕ್ರಗಳು ಎಂಜಿನ್ನಿಗೆ ಬಹಳ ಸಮೀಪದಲ್ಲಿವೆ. ಅಗಲವಾದ ಟೈರುಗಳು ಎಬ್ಬಿಸುವ ಧೂಳು ವಾಹನವನ್ನೇ ಸುತ್ತುವರಿಯುತ್ತದೆ. ಸಾಲಾಗಿ ಸಾಗುವಾಗ ಹಿಂದಿನ ವಾಹನಗಳು ಮುಂದಿನ ವಾಹನಗಳ ಧೂಳಿನಲ್ಲೇ ಚಲಿಸಬೇಕಾಗುತ್ತದೆ. ಈ ಕಾರಣಕ್ಕಾಗಿ ತಯಾರಕರು ಶೋಧಕವನ್ನು ಸೀಟಿನ ಕೆಳಗೆ ಅಥವಾ ಎತ್ತರದ ಭಾಗದಲ್ಲಿ, ಏರ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗೆ ಇರಿಸುತ್ತಾರೆ. ಏರ್ ಬಾಕ್ಸ್ ನೀರು ಮತ್ತು ದೊಡ್ಡ ಕಣಗಳನ್ನು ತಡೆಯುವುದರ ಜೊತೆಗೆ, ಎಂಜಿನ್ ಗಾಳಿಯನ್ನು ಎಳೆಯುವ ಸದ್ದನ್ನು ತಗ್ಗಿಸುತ್ತದೆ ಮತ್ತು ಗಾಳಿಯ ಹರಿವಿನ ಏರಿಳಿತವನ್ನು ಸಮಗೊಳಿಸುತ್ತದೆ.

ಹಲವು ಎಟಿವಿಗಳಲ್ಲಿ ಬೆಲ್ಟ್ ಆಧಾರಿತ ಸಿವಿಟಿ ಗೇರ್ ವ್ಯವಸ್ಥೆಯನ್ನು ತಂಪಾಗಿಸಲು ಪ್ರತ್ಯೇಕ ಗಾಳಿ ಕೊಳವೆ ಇರುತ್ತದೆ. ಅದಕ್ಕೂ ಎಂಜಿನ್ನಿನ ಗಾಳಿ ಶೋಧಕಕ್ಕೂ ಸಂಬಂಧವಿಲ್ಲ. ಬಿಡಿಭಾಗ ಕೊಳ್ಳುವಾಗ ಈ ವ್ಯತ್ಯಾಸವನ್ನು ಗಮನಿಸುವುದು ಅವಶ್ಯ.

ಧೂಳಿನಿಂದಾಗುವ ಹಾನಿ

ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಅಂಶವಾದ ಸಿಲಿಕಾ ಗಣನೀಯ ಪ್ರಮಾಣದಲ್ಲಿರುತ್ತದೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಇದು ಎಂಜಿನ್ನಿನಲ್ಲಿ ಬಳಸುವ ಎರಕದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಿಶ್ರಲೋಹಗಳಿಗಿಂತ ಗಟ್ಟಿಯಾದುದು. ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸಿಲುಕಿದ ಸಿಲಿಕಾ ಕಣವು ಸಾಣೆಯ ಪುಡಿಯಂತೆ ವರ್ತಿಸಿ ಎರಡನ್ನೂ ತೇಯುತ್ತದೆ. ಎಂಜಿನ್ನಿನ ಚಲಿಸುವ ಭಾಗಗಳ ನಡುವಿನ ತೈಲಪದರದ ದಪ್ಪ ಕೆಲವೇ ಮೈಕ್ರೋಮೀಟರ್‌ಗಳಷ್ಟು ಇರುವುದರಿಂದ, ಆ ಪದರಕ್ಕಿಂತ ತುಸು ದೊಡ್ಡದಾದ ಕಣಗಳು ಹೆಚ್ಚು ಅಪಾಯಕಾರಿ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಅಂದರೆ ಅತಿ ಹೆಚ್ಚು ಹಾನಿ ಮಾಡುವ ಧೂಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ.

ಒಳನುಗ್ಗಿದ ಧೂಳಿನ ಪರಿಣಾಮಗಳು ಹಂತಹಂತವಾಗಿ ತೋರುತ್ತವೆ. ಮೊದಲು ಸಿಲಿಂಡರಿನ ಸಂಪೀಡನ ಒತ್ತಡ ಇಳಿಯುತ್ತದೆ. ಬಳಿಕ ಎಂಜಿನ್ ಎಣ್ಣೆ ಉರಿಯತೊಡಗಿ ನೀಲಿ ಹೊಗೆ ಬರುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಗಾಳಿ ಒಳಬರುವ ಕವಾಟ ಮತ್ತು ಅದರ ಆಸನ ಸವೆಯುತ್ತವೆ. ಸ್ಪರ್ಧೆಗಾಗಿ ರೂಪಿಸಿದ ಕೆಲವು ಎಟಿವಿಗಳ ಹಗುರವಾದ ಟೈಟಾನಿಯಂ ಕವಾಟಗಳ ಮೇಲಿನ ತೆಳುವಾದ ರಕ್ಷಣಾ ಲೇಪನವು ಧೂಳಿನಿಂದ ಅಳಿಸಿಹೋದರೆ ಸವೆತವು ವೇಗ ಪಡೆಯುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ಕ್ರ್ಯಾಂಕ್ ಕೋಶದ ಮೂಲಕವೇ ಹಾದುಹೋಗುವುದರಿಂದ, ಧೂಳು ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ನೇರವಾಗಿ ತಲುಪುತ್ತದೆ.

ಎಂಜಿನ್ ಸೇದುವ ಗಾಳಿಯ ಪ್ರಮಾಣವು ಸಾಮಾನ್ಯ ಊಹೆಗಿಂತ ದೊಡ್ಡದು. ಒಂದು ಲೀಟರ್ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. 500 ಘನ ಸೆಂಟಿಮೀಟರ್ ಸಾಮರ್ಥ್ಯದ ನಾಲ್ಕು ಸ್ಟ್ರೋಕ್ ಎಂಜಿನ್ ಪ್ರತಿ ಎರಡು ಸುತ್ತಿಗೊಮ್ಮೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದು ನಿಮಿಷಕ್ಕೆ 6,000 ಸುತ್ತುಗಳ ವೇಗದಲ್ಲಿ ಪೂರ್ಣ ಪ್ರಮಾಣದ ಗಾಳಿಯನ್ನು ತುಂಬಿಕೊಂಡರೆ, ನಿಮಿಷಕ್ಕೆ 1,500 ಲೀಟರ್, ಗಂಟೆಗೆ 90 ಘನ ಮೀಟರ್ ಗಾಳಿ ಒಳಹೋಗುತ್ತದೆ. ದಟ್ಟ ಧೂಳಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 1 ಗ್ರಾಂ ಧೂಳು ಇದೆಯೆಂದು ಭಾವಿಸಿದರೆ, ಒಂದು ಗಂಟೆಯಲ್ಲಿ ಶೋಧಕವನ್ನು ತಲುಪುವ ಧೂಳು 90 ಗ್ರಾಂ. ಶೇಕಡಾ 99.5 ದಕ್ಷತೆಯ ಶೋಧಕವು ಇದರಲ್ಲಿ 0.45 ಗ್ರಾಂ ಧೂಳನ್ನು ಎಂಜಿನ್ನಿಗೆ ಬಿಡುತ್ತದೆ. ಶೇಕಡಾ 97 ದಕ್ಷತೆಯ ಶೋಧಕವು 2.7 ಗ್ರಾಂ ಬಿಡುತ್ತದೆ. ಎರಡೂ ಶೋಧಕಗಳು ಶೇಕಡಾ ನೂರಕ್ಕೆ ಹತ್ತಿರವೇ ಇದ್ದಂತೆ ತೋರಿದರೂ, ಎಂಜಿನ್ ನುಂಗುವ ಧೂಳಿನಲ್ಲಿ ಆರು ಪಟ್ಟು ವ್ಯತ್ಯಾಸವಿದೆ. ಆದ್ದರಿಂದ ಶೋಧಕಗಳನ್ನು ಹೋಲಿಸುವಾಗ, ಹಿಡಿದ ಧೂಳಿಗಿಂತ ಹಿಡಿಯದೆ ಬಿಟ್ಟ ಧೂಳಿನ ಪ್ರಮಾಣವನ್ನು ಹೋಲಿಸುವುದು ಸೂಕ್ತ.

ಶೋಧನೆ ನಡೆಯುವ ಬಗೆ

ಗಾಳಿ ಶೋಧಕವು ಜರಡಿಯಂತೆ, ತನ್ನ ರಂಧ್ರಗಳಿಗಿಂತ ದೊಡ್ಡ ಕಣಗಳನ್ನು ಮಾತ್ರ ತಡೆಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹಲವು ಪ್ರಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ.

• ಜರಡಿ ಕ್ರಿಯೆ: ರಂಧ್ರಕ್ಕಿಂತ ದೊಡ್ಡ ಕಣಗಳು ಮೇಲ್ಮೈಯಲ್ಲೇ ಉಳಿಯುತ್ತವೆ.
• ಜಡತ್ವದ ಡಿಕ್ಕಿ: ಗಾಳಿಯು ನಾರನ್ನು ಬಳಸಿಕೊಂಡು ತಿರುಗುವಾಗ, ಭಾರವಾದ ಕಣಗಳು ತಿರುಗಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತವೆ.
• ಸ್ಪರ್ಶದಿಂದ ಹಿಡಿಯುವಿಕೆ: ಗಾಳಿಯೊಡನೆ ಸಾಗುವ ಕಣವು ನಾರಿನ ಅಂಚನ್ನು ಸವರಿ ಅದಕ್ಕೆ ಅಂಟುತ್ತದೆ.
• ವಿಸರಣ: ಅತಿ ಸೂಕ್ಷ್ಮ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಚಲಿಸಿ ನಾರನ್ನು ತಾಕುತ್ತವೆ.

ಎಣ್ಣೆ ಸವರಿದ ಶೋಧಕಗಳಲ್ಲಿ ರಂಧ್ರಗಳು ಧೂಳಿನ ಕಣಗಳಿಗಿಂತ ಬಹಳ ದೊಡ್ಡದಾಗಿರುತ್ತವೆ. ಅಲ್ಲಿ ಕಣವನ್ನು ಹಿಡಿದಿಡುವುದು ಅಂಟುಳ್ಳ ಎಣ್ಣೆಯೇ. ಎಣ್ಣೆಯಿಲ್ಲದ ಫೋಮ್ ಶೋಧಕವು ಸೂಕ್ಷ್ಮ ಧೂಳನ್ನು ಬಹುಮಟ್ಟಿಗೆ ಒಳಬಿಡುತ್ತದೆ.

ಧೂಳು ಸಂಗ್ರಹವಾಗುವ ರೀತಿಯಲ್ಲಿಯೂ ಎರಡು ಬಗೆಗಳಿವೆ. ಫೋಮ್‌ನಂತಹ ದಪ್ಪ ಮಾಧ್ಯಮಗಳಲ್ಲಿ ಧೂಳು ಒಳಪದರಗಳವರೆಗೂ ಹಂಚಿಹೋಗುತ್ತದೆ. ಕಾಗದದಂತಹ ತೆಳು ಮಾಧ್ಯಮಗಳಲ್ಲಿ ಅದು ಮೇಲ್ಮೈಯಲ್ಲಿ ಪದರವಾಗಿ ಕೂರುತ್ತದೆ. ಹೀಗೆ ಕೂತ ಧೂಳಿನ ಪದರವೇ ಮತ್ತಷ್ಟು ಸೂಕ್ಷ್ಮ ಕಣಗಳನ್ನು ತಡೆಯುವುದರಿಂದ, ಕಾಗದದ ಶೋಧಕವು ಬಳಕೆಯ ಆರಂಭದಲ್ಲಿ ಇರುವುದಕ್ಕಿಂತ ಸ್ವಲ್ಪ ಧೂಳು ಹಿಡಿದ ನಂತರ ಹೆಚ್ಚು ದಕ್ಷವಾಗಿರುತ್ತದೆ. ಆದರೆ ಜೊತೆಗೇ ಗಾಳಿಗೆ ಒಡ್ಡುವ ತಡೆಯೂ ಏರುತ್ತ ಹೋಗುತ್ತದೆ.

ಮಾಧ್ಯಮದ ವಿಧಗಳು

ಎಣ್ಣೆ ಸವರಿದ ಫೋಮ್

ಪಾಲಿಯುರೆಥೇನ್ ಫೋಮ್‌ನಿಂದ ತಯಾರಾಗುವ ಈ ಶೋಧಕಗಳು ಕ್ರೀಡಾ ಎಟಿವಿಗಳಲ್ಲಿ ಮತ್ತು ಮಣ್ಣಿನ ದಾರಿಯ ಮೋಟರ್‌ಸೈಕಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. ನೆದರ್ಲೆಂಡ್ಸ್‌ನ ಟ್ವಿನ್ ಏರ್ ಈ ಬಗೆಯ ಶೋಧಕಗಳ ಹೆಸರಾಂತ ತಯಾರಕ ಸಂಸ್ಥೆಗಳಲ್ಲೊಂದು. ಫೋಮ್‌ನ ರಂಧ್ರಗಳ ಸಾಂದ್ರತೆಯನ್ನು ಒಂದು ಇಂಚಿನಲ್ಲಿರುವ ರಂಧ್ರಗಳ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಎರಡು ಪದರಗಳ ಶೋಧಕದಲ್ಲಿ ಹೊರಪದರದ ರಂಧ್ರಗಳು ದೊಡ್ಡವು, ಒಳಪದರದವು ಚಿಕ್ಕವು. ಇದರಿಂದ ದೊಡ್ಡ ಕಣಗಳು ಹೊರಗೂ ಸಣ್ಣವು ಒಳಗೂ ನಿಂತು, ಧೂಳು ಧಾರಣ ಸಾಮರ್ಥ್ಯ ಹೆಚ್ಚುತ್ತದೆ. ತೊಳೆದು ಮತ್ತೆ ಬಳಸಬಹುದಾದುದು, ಒದ್ದೆಯಾದರೂ ಕಾಗದದಂತೆ ಹರಿಯದಿರುವುದು ಇವುಗಳ ಅನುಕೂಲ. ಆಗಾಗ ತೊಳೆದು ಎಣ್ಣೆ ಹಾಕಬೇಕಾದುದು ಅನನುಕೂಲ. ಹಲವು ವರ್ಷಗಳ ಬಳಿಕ ಫೋಮ್ ಶಿಥಿಲವಾಗಿ ಪುಡಿಯಾಗುತ್ತದೆ. ಆ ಪುಡಿಯೂ ಎಂಜಿನ್ ಸೇರುವ ಸಾಧ್ಯತೆಯಿರುವುದರಿಂದ ಹಳೆಯ ಫೋಮನ್ನು ಬದಲಿಸುವುದು ಅಗತ್ಯ.

ಎಣ್ಣೆ ಸವರಿದ ಹತ್ತಿ ಬಟ್ಟೆ

ತೆಳು ನೇಯ್ಗೆಯ ಹತ್ತಿ ಬಟ್ಟೆಯ ಹಲವು ಪದರಗಳನ್ನು ಲೋಹದ ಜಾಲರಿಗಳ ನಡುವೆ ಇಟ್ಟು, ಮಡಿಕೆ ಹಾಕಿ, ಎಣ್ಣೆ ಸವರಿ ಈ ಶೋಧಕವನ್ನು ತಯಾರಿಸಲಾಗುತ್ತದೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಕೆ ಅಂಡ್ ಎನ್ ಸಂಸ್ಥೆಯು ಇದನ್ನು ಜನಪ್ರಿಯಗೊಳಿಸಿತು. ಇವು ಗಾಳಿಗೆ ಒಡ್ಡುವ ತಡೆ ಕಡಿಮೆ. ಹಲವು ವರ್ಷ ಬಾಳುತ್ತವೆ. ಆದರೆ ಬಟ್ಟೆ ತೆಳುವಾಗಿರುವುದರಿಂದ ಎಣ್ಣೆಯ ಲೇಪನ ಸಮನಾಗಿಲ್ಲದ ಕಡೆಗಳಲ್ಲಿ ಸೂಕ್ಷ್ಮ ಧೂಳು ನುಸುಳಬಹುದು. ಮಿತವಾದ ಧೂಳಿನ ಪ್ರದೇಶಗಳಿಗೆ ಇವು ಹೊಂದುತ್ತವೆ. ಅತಿ ಧೂಳಿನಲ್ಲಿ ಬಳಸುವುದಾದರೆ ಪೂರ್ವಶೋಧಕವನ್ನು ಜೋಡಿಸುವುದು ರೂಢಿ.

ಮಡಿಕೆ ಹಾಕಿದ ಕಾಗದ

ರಾಳವನ್ನು ಹೀರಿಸಿ ಗಟ್ಟಿಗೊಳಿಸಿದ ವಿಶೇಷ ಕಾಗದದಿಂದ ಇವು ತಯಾರಾಗುತ್ತವೆ. ಕೃಷಿ ಮತ್ತು ಸಾಗಣೆಗೆ ಬಳಸುವ ಹಲವು ಎಟಿವಿಗಳಲ್ಲಿ ಮೂಲ ಶೋಧಕವೇ ಈ ಬಗೆಯದು. ಸೂಕ್ಷ್ಮ ಧೂಳನ್ನು ತಡೆಯುವುದರಲ್ಲಿ ಕಾಗದವು ಉತ್ತಮ ದಕ್ಷತೆ ತೋರುತ್ತದೆ. ಎಣ್ಣೆಯ ಅಗತ್ಯವಿಲ್ಲ. ನೀರು ತಾಗಿದರೆ ಗಾಳಿಯ ಹರಿವು ಕುಗ್ಗುವುದು ಮತ್ತು ಬಳಸಿದ ಮೇಲೆ ಎಸೆಯಬೇಕಾದುದು ಇದರ ಮಿತಿಗಳು.

ಮಡಿಕೆಗಳ ಉದ್ದೇಶ ಮೇಲ್ಮೈ ವಿಸ್ತೀರ್ಣವನ್ನು ಹೆಚ್ಚಿಸುವುದು. ಉದಾಹರಣೆಗೆ, 100 ಮಿಲಿಮೀಟರ್ ವ್ಯಾಸ ಮತ್ತು 150 ಮಿಲಿಮೀಟರ್ ಎತ್ತರದ ಮಡಿಕೆಯಿಲ್ಲದ ಸಿಲಿಂಡರ್ ಆಕಾರದ ಶೋಧಕದ ಮೇಲ್ಮೈ ಸುಮಾರು 0.047 ಚದರ ಮೀಟರ್. ಅದೇ ಹೊರ ಅಳತೆಯಲ್ಲಿ 20 ಮಿಲಿಮೀಟರ್ ಆಳದ 60 ಮಡಿಕೆಗಳಿದ್ದರೆ ವಿಸ್ತೀರ್ಣ 0.36 ಚದರ ಮೀಟರ್ ಆಗುತ್ತದೆ; ಅಂದರೆ ಏಳು ಪಟ್ಟಿಗೂ ಹೆಚ್ಚು. ವಿಸ್ತೀರ್ಣ ಹೆಚ್ಚಿದಷ್ಟೂ ಮಾಧ್ಯಮದ ಮೂಲಕ ಗಾಳಿ ನಿಧಾನವಾಗಿ ಹಾದು, ತಡೆ ಕಡಿಮೆಯಾಗಿ, ಹಿಡಿಯಬಲ್ಲ ಧೂಳಿನ ಪ್ರಮಾಣ ಹೆಚ್ಚುತ್ತದೆ.

ಒಣ ಸಂಶ್ಲೇಷಿತ ನಾರು

ಪಾಲಿಯೆಸ್ಟರ್ ಮುಂತಾದ ನಾರುಗಳಿಂದ ಮಾಡಿದ ಈ ಶೋಧಕಗಳು ಎಣ್ಣೆಯಿಲ್ಲದೆ ಕೆಲಸ ಮಾಡುತ್ತವೆ. ಇವುಗಳಲ್ಲಿ ಕೆಲವನ್ನು ತೊಳೆದು ಮತ್ತೆ ಬಳಸಬಹುದು. ನೀರಿಗೆ ಕಾಗದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಬೆಲೆ ಸಾಮಾನ್ಯವಾಗಿ ಕಾಗದದ ಶೋಧಕಕ್ಕಿಂತ ಹೆಚ್ಚು.

ಕಾರ್ಯಕ್ಷಮತೆಯ ಅಳತೆ

ಎಂಜಿನ್ ಗಾಳಿ ಶೋಧಕಗಳ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪರೀಕ್ಷೆಗೆ ಬಳಸುವ ಧೂಳಿನ ಗುಣಲಕ್ಷಣಗಳನ್ನು ಐಎಸ್‌ಒ 12103-1 ಮಾನದಂಡವು ನಿಗದಿಪಡಿಸುತ್ತದೆ. ಅದರಲ್ಲಿ ಎ1ರಿಂದ ಎ4ರವರೆಗೆ ನಾಲ್ಕು ದರ್ಜೆಗಳಿದ್ದು, ಎ1 ಅತ್ಯಂತ ಸೂಕ್ಷ್ಮವಾದುದು, ಎ4 ಒರಟಾದುದು. ಈ ಪರೀಕ್ಷೆಗಳಲ್ಲಿ ಮುಖ್ಯವಾಗಿ ಮೂರು ಅಂಶಗಳನ್ನು ದಾಖಲಿಸಲಾಗುತ್ತದೆ.

• ದಕ್ಷತೆ: ಒಳಬಂದ ಧೂಳಿನಲ್ಲಿ ಶೋಧಕವು ಹಿಡಿದ ಭಾಗ, ಶೇಕಡಾವಾರು.
• ತಡೆ: ನಿಗದಿತ ಪ್ರಮಾಣದ ಗಾಳಿ ಹರಿಯುವಾಗ ಶೋಧಕದ ಎರಡು ಬದಿಗಳ ನಡುವಿನ ಒತ್ತಡದ ವ್ಯತ್ಯಾಸ.
• ಧೂಳು ಧಾರಣ ಸಾಮರ್ಥ್ಯ: ತಡೆಯು ನಿಗದಿತ ಮಿತಿಗೆ ಏರುವವರೆಗೆ ಶೋಧಕವು ಹಿಡಿದ ಧೂಳಿನ ತೂಕ.

ತಯಾರಕರು ಪ್ರಕಟಿಸುವ ಅಂಕಿಗಳನ್ನು ಹೋಲಿಸುವಾಗ ಪರೀಕ್ಷಾ ಧೂಳಿನ ದರ್ಜೆ ಮತ್ತು ಗಾಳಿಯ ಹರಿವಿನ ಪ್ರಮಾಣ ಒಂದೇ ಆಗಿವೆಯೇ ಎಂದು ನೋಡಬೇಕು. ಒರಟು ಧೂಳನ್ನು ಹಿಡಿಯುವುದು ಸುಲಭವಾದ್ದರಿಂದ, ಎ4 ಧೂಳಿನಲ್ಲಿ ಪಡೆದ ದಕ್ಷತೆಯು ಎ2 ಧೂಳಿನಲ್ಲಿ ಪಡೆದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೊಸ ಶೋಧಕದ ಆರಂಭಿಕ ದಕ್ಷತೆ ಮತ್ತು ಪರೀಕ್ಷೆಯ ಉದ್ದಕ್ಕೂ ಲೆಕ್ಕ ಹಾಕಿದ ಒಟ್ಟು ದಕ್ಷತೆ ಬೇರೆಬೇರೆ ಅಂಕಿಗಳು. ಪರೀಕ್ಷಾ ವಿಧಾನವನ್ನು ತಿಳಿಸದೆ ಕೇವಲ ಶೇಕಡಾವಾರು ಸಂಖ್ಯೆಯನ್ನು ಮುದ್ರಿಸಿದ ಪೊಟ್ಟಣದಿಂದ ಹೋಲಿಕೆ ಸಾಧ್ಯವಿಲ್ಲ.

ಆಯ್ಕೆಯ ಮಾನದಂಡಗಳು

ಅಳತೆ ಮತ್ತು ಸೀಲ್

ಶೋಧಕವನ್ನು ವಾಹನದ ತಯಾರಕ, ಮಾದರಿ, ತಯಾರಿಕಾ ವರ್ಷ ಮತ್ತು ಎಂಜಿನ್ ಸಾಮರ್ಥ್ಯಗಳಿಗೆ ಅನುಗುಣವಾಗಿ ಆರಿಸಬೇಕು. ಒಂದೇ ಹೆಸರಿನ ಮಾದರಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ಏರ್ ಬಾಕ್ಸಿನ ವಿನ್ಯಾಸ ಬದಲಾಗಿರಬಹುದು. ಶೋಧಕದ ಅಂಚು ಆಸನದ ಮೇಲೆ ಸುತ್ತಲೂ ಸಮನಾಗಿ ಕೂರಬೇಕು. ಅದನ್ನು ಒತ್ತಿಹಿಡಿಯುವ ಕ್ಲಿಪ್, ಸ್ಕ್ರೂ ಅಥವಾ ಕ್ಲ್ಯಾಂಪ್ ವಾಹನದ ಕಂಪನಕ್ಕೆ ಸಡಿಲಗೊಳ್ಳಬಾರದು.

ಸಣ್ಣ ಸಂದಿಯ ಪರಿಣಾಮವನ್ನು ಮೇಲಿನ ಉದಾಹರಣೆಯಿಂದಲೇ ಅರಿಯಬಹುದು. ಶೇಕಡಾ 99.5 ದಕ್ಷತೆಯ ಶೋಧಕವನ್ನು ಅಳವಡಿಸಿದ್ದರೂ ಒಟ್ಟು ಗಾಳಿಯ ಶೇಕಡಾ 2ರಷ್ಟು ಅಂಚಿನ ಸಂದಿಯಿಂದ ಒಳಹೋದರೆ, ಒಟ್ಟಾರೆ ದಕ್ಷತೆ ಸುಮಾರು ಶೇಕಡಾ 97.5ಕ್ಕೆ ಕುಸಿಯುತ್ತದೆ. ಗಂಟೆಗೆ 0.45 ಗ್ರಾಂ ಇದ್ದ ಧೂಳಿನ ಪ್ರವೇಶ 2.2 ಗ್ರಾಂ ದಾಟುತ್ತದೆ. ಆದ್ದರಿಂದ ಉತ್ತಮ ಮಾಧ್ಯಮವುಳ್ಳ, ಆದರೆ ಸರಿಯಾಗಿ ಕೂರದ ಶೋಧಕಕ್ಕಿಂತ, ಸಾಧಾರಣ ಮಾಧ್ಯಮವಿದ್ದರೂ ಬಿಗಿಯಾಗಿ ಕೂರುವ ಶೋಧಕವು ಎಂಜಿನ್ನನ್ನು ಹೆಚ್ಚು ಕಾಪಾಡಬಹುದು.

ಬಳಕೆಯ ಪರಿಸರ

ಒಣ ಸೂಕ್ಷ್ಮ ಧೂಳಿನ ಪ್ರದೇಶಗಳಲ್ಲಿ ದಕ್ಷತೆ ಮತ್ತು ಧೂಳು ಧಾರಣ ಸಾಮರ್ಥ್ಯಗಳಿಗೆ ಆದ್ಯತೆ ನೀಡಬೇಕು. ಮರಳು ದಿಬ್ಬಗಳಲ್ಲಿ ಕಣಗಳು ದೊಡ್ಡವಾಗಿದ್ದರೂ ಪ್ರಮಾಣ ಹೆಚ್ಚಿರುವುದರಿಂದ ಪೂರ್ವಶೋಧಕವು ಉಪಯುಕ್ತ. ಕೆಸರು ಮತ್ತು ನೀರಿನ ದಾರಿಗಳಲ್ಲಿ ಕಾಗದಕ್ಕಿಂತ ಫೋಮ್ ಅಥವಾ ಸಂಶ್ಲೇಷಿತ ನಾರು ಹೊಂದುತ್ತದೆ. ಯಾವ ಶೋಧಕವೂ ನೀರನ್ನು ತಡೆಯುವ ಸಾಧನವಲ್ಲ. ಸಿಲಿಂಡರಿನೊಳಗೆ ಸೇರಿದ ನೀರು ಸಂಪೀಡನಗೊಳ್ಳದೆ ಕನೆಕ್ಟಿಂಗ್ ರಾಡನ್ನು ಬಗ್ಗಿಸಬಲ್ಲದು. ಆಳವಾದ ನೀರು ದಾಟುವ ವಾಹನಗಳಲ್ಲಿ ಗಾಳಿಯ ಒಳಹರಿವಿನ ಬಾಯಿಯನ್ನು ಎತ್ತರಕ್ಕೆ ಒಯ್ಯುವ ಸ್ನಾರ್ಕೆಲ್ ಕೊಳವೆಯನ್ನು ಇದಕ್ಕಾಗಿಯೇ ಅಳವಡಿಸುತ್ತಾರೆ.

ಇಂಧನ ವ್ಯವಸ್ಥೆ

ಗಾಳಿಯ ಹರಿವು ಬದಲಾದರೆ ಗಾಳಿ ಮತ್ತು ಇಂಧನದ ಅನುಪಾತವೂ ಬದಲಾಗಬಹುದು. ಕಾರ್ಬ್ಯುರೇಟರ್ ಇರುವ ಎಟಿವಿಗಳಲ್ಲಿ ತಡೆ ಕಡಿಮೆಯಿರುವ ಶೋಧಕ ಹಾಕಿದಾಗ ಅಥವಾ ಏರ್ ಬಾಕ್ಸಿನ ಮುಚ್ಚಳ ತೆಗೆದಾಗ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗುತ್ತದೆ. ಇದರಿಂದ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಅಪಾಯವಿದೆ. ಇಂತಹ ಬದಲಾವಣೆ ಮಾಡಿದಾಗ ಕಾರ್ಬ್ಯುರೇಟರಿನ ಜೆಟ್‌ಗಳನ್ನು ದೊಡ್ಡ ಅಳತೆಯವಕ್ಕೆ ಬದಲಿಸಬೇಕಾಗುತ್ತದೆ. ಇಂಧನ ಇಂಜೆಕ್ಷನ್ ಇರುವ ವಾಹನಗಳಲ್ಲಿ ನಿಯಂತ್ರಕವು ಒತ್ತಡ ಮತ್ತು ಉಷ್ಣತೆಯ ಸಂವೇದಕಗಳ ಮಾಹಿತಿಯಿಂದ ಸಣ್ಣ ವ್ಯತ್ಯಾಸಗಳನ್ನು ಸರಿದೂಗಿಸುತ್ತದೆ. ದೊಡ್ಡ ಬದಲಾವಣೆಗಳಿಗೆ ಅಲ್ಲಿಯೂ ಇಂಧನ ಪೂರೈಕೆಯ ಮರುಹೊಂದಾಣಿಕೆ ಬೇಕಾಗುತ್ತದೆ.

ನಿರ್ವಹಣೆಯ ಹೊರೆ

ಪ್ರತಿ ಸವಾರಿಯ ನಂತರ ಶೋಧಕವನ್ನು ಪರಿಶೀಲಿಸಿ ತೊಳೆಯಬಲ್ಲವರಿಗೆ ಫೋಮ್ ಉತ್ತಮ ಆಯ್ಕೆ. ಅಂತಹ ವ್ಯವಧಾನವಿಲ್ಲದ ಹೊಲ ಅಥವಾ ತೋಟದ ಬಳಕೆಯಲ್ಲಿ ಬದಲಾಯಿಸಿ ಎಸೆಯಬಹುದಾದ ಕಾಗದದ ಶೋಧಕವು ಹೆಚ್ಚು ಸುರಕ್ಷಿತ. ತೊಳೆಯಬಹುದಾದ ಶೋಧಕದ ಬೆಲೆಯನ್ನು ಲೆಕ್ಕ ಹಾಕುವಾಗ ಶುಚಿಕಾರಕ ದ್ರವ, ಎಣ್ಣೆ ಮತ್ತು ಒಣಗುವವರೆಗೆ ಬಳಸಲು ಬೇಕಾದ ಎರಡನೆಯ ಶೋಧಕದ ವೆಚ್ಚವನ್ನೂ ಸೇರಿಸಬೇಕು.

ವಾರಂಟಿ

ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯು, ನಿರ್ದಿಷ್ಟ ಕಂಪನಿಯ ಬಿಡಿಭಾಗವನ್ನೇ ಕೊಂಡು ಬಳಸಬೇಕೆಂಬ ಷರತ್ತನ್ನು ವಾರಂಟಿಗೆ ಜೋಡಿಸುವುದನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತದೆ. ಆದರೆ ಅಳವಡಿಸಿದ ಬಿಡಿಭಾಗದಿಂದಲೇ ಹಾನಿಯಾದಾಗ ತಯಾರಕರು ಹೊಣೆಯನ್ನು ನಿರಾಕರಿಸಬಹುದು. ಇತರ ದೇಶಗಳಲ್ಲಿ ವಾಹನದೊಡನೆ ಬರುವ ವಾರಂಟಿ ಪತ್ರದ ಷರತ್ತುಗಳನ್ನು ಪರಿಶೀಲಿಸಬೇಕಾಗುತ್ತದೆ.

ಶಕ್ತಿ ಹೆಚ್ಚಳದ ಪ್ರಶ್ನೆ

ಆಫ್ಟರ್‌ಮಾರ್ಕೆಟ್ ಶೋಧಕಗಳ ಜಾಹೀರಾತುಗಳಲ್ಲಿ ಎಂಜಿನ್ ಶಕ್ತಿ ಹೆಚ್ಚುವುದೆಂಬ ಹೇಳಿಕೆ ಸಾಮಾನ್ಯ. ಶೋಧಕದಿಂದ ದೊರೆಯಬಹುದಾದ ಲಾಭಕ್ಕೆ ಭೌತಿಕ ಮಿತಿಯಿದೆ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೊಪ್ಯಾಸ್ಕಲ್. ಹೊಸ ಶೋಧಕವು ಹಳೆಯದಕ್ಕಿಂತ ತಡೆಯನ್ನು ಅರ್ಧ ಕಿಲೊಪ್ಯಾಸ್ಕಲ್‌ನಷ್ಟು ತಗ್ಗಿಸಿದರೆ, ಎಂಜಿನ್ನಿಗೆ ದೊರೆಯುವ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 0.5ರಷ್ಟು ಹೆಚ್ಚುತ್ತದೆ. ಅದೂ ಥ್ರಾಟಲ್ ಪೂರ್ಣವಾಗಿ ತೆರೆದಿರುವಾಗ ಮಾತ್ರ. ಭಾಗಶಃ ತೆರೆದಿರುವಾಗ ಗಾಳಿಯನ್ನು ನಿಯಂತ್ರಿಸುವುದು ಥ್ರಾಟಲ್ ಕವಾಟವೇ ಆಗಿರುತ್ತದೆ.

ಏರ್ ಬಾಕ್ಸನ್ನು ತೆಗೆದು ತೆರೆದ ಶೋಧಕವನ್ನು ನೇರವಾಗಿ ಜೋಡಿಸಿದಾಗ, ಅದು ಎಂಜಿನ್ನಿನ ಬಿಸಿ ಗಾಳಿಯನ್ನು ಸೇದಬಹುದು. ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನಿಂದ 40 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. ಹೀಗಾಗಿ ತಡೆ ಕಡಿಮೆಯಾದುದರಿಂದ ಬಂದ ಲಾಭಕ್ಕಿಂತ ಬಿಸಿ ಗಾಳಿಯಿಂದಾದ ನಷ್ಟ ಹೆಚ್ಚಾಗಬಹುದು. ಇದರ ಜೊತೆಗೆ ತೆರೆದ ಶೋಧಕಕ್ಕೆ ಕೆಸರು ಮತ್ತು ನೀರಿನಿಂದ ರಕ್ಷಣೆ ಇರುವುದಿಲ್ಲ, ಸದ್ದೂ ಹೆಚ್ಚುತ್ತದೆ. ಧೂಳಿನಿಂದ ಕಟ್ಟಿಕೊಂಡ ಹಳೆಯ ಶೋಧಕವನ್ನು ಬದಲಿಸಿದಾಗ ಕಾಣುವ ಸುಧಾರಣೆಯು ಹೊಸ ಮೂಲ ಶೋಧಕದಿಂದಲೂ ದೊರೆಯುವಂಥದು. ಆದ್ದರಿಂದ ನ್ಯಾಯವಾದ ಹೋಲಿಕೆಯು ಎರಡು ಹೊಸ ಶೋಧಕಗಳ ನಡುವೆ ಆಗಬೇಕು.

ಪೂರ್ವಶೋಧಕಗಳು

ಮುಖ್ಯ ಶೋಧಕವನ್ನು ತಲುಪುವ ಮೊದಲೇ ಧೂಳಿನ ದೊಡ್ಡ ಭಾಗವನ್ನು ತಡೆಯುವ ಸಾಧನಗಳಿಗೆ ಪೂರ್ವಶೋಧಕ ಎನ್ನುತ್ತಾರೆ. ಇವುಗಳಲ್ಲಿ ಎರಡು ಬಗೆಗಳು ಪ್ರಚಲಿತವಾಗಿವೆ. ಮೊದಲನೆಯದು ಮುಖ್ಯ ಶೋಧಕಕ್ಕೆ ತೊಡಿಸುವ ತೆಳುವಾದ, ನೀರನ್ನು ವಿಕರ್ಷಿಸುವ ಬಟ್ಟೆಯ ಹೊದಿಕೆ. ಎರಡನೆಯದು ಗಾಳಿಯನ್ನು ಸುಳಿಯಂತೆ ತಿರುಗಿಸಿ, ಭಾರವಾದ ಕಣಗಳನ್ನು ಹೊರಕ್ಕೆ ಎಸೆಯುವ ಸುಳಿ ವಿಭಾಜಕ. ಸುಳಿ ವಿಭಾಜಕವು ಒರಟು ಧೂಳಿಗೆ ಪರಿಣಾಮಕಾರಿಯಾಗಿದ್ದು, ಸೂಕ್ಷ್ಮ ಧೂಳನ್ನು ಮುಖ್ಯ ಶೋಧಕಕ್ಕೇ ಬಿಡುತ್ತದೆ. ಪೂರ್ವಶೋಧಕವು ಮುಖ್ಯ ಶೋಧಕದ ಶುಚಿಗೊಳಿಸುವಿಕೆಯ ಅವಧಿಯನ್ನು ಹಿಗ್ಗಿಸುತ್ತದೆ. ಅದರ ಸ್ಥಾನವನ್ನು ತುಂಬಲಾರದು.

ನಿರ್ವಹಣೆ

ಶುಚಿಗೊಳಿಸುವ ಅವಧಿಯನ್ನು ವಾಹನದ ಕೈಪಿಡಿ ಸೂಚಿಸುತ್ತದೆ. ಧೂಳಿನ ಪ್ರದೇಶಗಳಲ್ಲಿ ಇನ್ನೂ ಕಡಿಮೆ ಅಂತರದಲ್ಲಿ ಮಾಡಬೇಕಾಗುತ್ತದೆ. ಶೋಧಕವನ್ನು ಹೊರತೆಗೆಯುವ ಮೊದಲು ಏರ್ ಬಾಕ್ಸಿನ ಹೊರಭಾಗವನ್ನು ಒರೆಸಬೇಕು. ತೆಗೆದ ನಂತರ ಒಳಹರಿವಿನ ಕೊಳವೆಯ ಬಾಯಿಯನ್ನು ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಮರುಜೋಡಣೆಗೆ ಮೊದಲು ಆ ಬಟ್ಟೆಯನ್ನು ತೆಗೆಯಲು ಮರೆಯಬಾರದು.

ಫೋಮ್ ಶೋಧಕವನ್ನು ಅದಕ್ಕೆಂದೇ ಇರುವ ಶುಚಿಕಾರಕದಿಂದ ಅಥವಾ ಸೋಪಿನ ನೀರಿನಿಂದ ತೊಳೆದು, ಹಿಂಡದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆಯಬೇಕು. ಹಿಂಡಿದರೆ ಫೋಮ್ ಮತ್ತು ಅಂಟಿನ ಜೋಡಣೆಗಳು ಹರಿಯುತ್ತವೆ. ಪೆಟ್ರೋಲಿನಿಂದ ತೊಳೆಯುವುದು ಬೆಂಕಿಯ ಅಪಾಯವುಳ್ಳದ್ದು, ಅಂಟನ್ನೂ ಕರಗಿಸುತ್ತದೆ. ಪೂರ್ಣವಾಗಿ ಒಣಗಿದ ಮೇಲೆ ಫೋಮ್ ಶೋಧಕದ ಎಣ್ಣೆಯನ್ನು ಎಲ್ಲ ಭಾಗಕ್ಕೂ ತಲುಪುವಂತೆ ಮಿದ್ದಿ, ಹೆಚ್ಚುವರಿಯನ್ನು ಒತ್ತಿ ತೆಗೆಯಬೇಕು. ಸಾಧಾರಣ ಎಂಜಿನ್ ಎಣ್ಣೆಯು ತೆಳುವಾಗಿ ಕೆಳಕ್ಕೆ ಜಾರಿ, ಮೇಲಿನ ಭಾಗ ಒಣಗುವುದರಿಂದ ಅಂಟುಗುಣವುಳ್ಳ ವಿಶೇಷ ಎಣ್ಣೆಯನ್ನು ಬಳಸಲಾಗುತ್ತದೆ.

ಹತ್ತಿ ಬಟ್ಟೆಯ ಶೋಧಕಕ್ಕೆ ಶುಚಿಕಾರಕವನ್ನು ಸಿಂಪಡಿಸಿ, ಒಳಗಿನಿಂದ ಹೊರಕ್ಕೆ ಮೆಲುವಾಗಿ ನೀರು ಹರಿಸಿ ತೊಳೆಯಬೇಕು. ಒತ್ತಡದ ಗಾಳಿಯಿಂದ ಒಣಗಿಸಿದರೆ ನೇಯ್ಗೆ ಹಿಗ್ಗುತ್ತದೆ. ಕಾಗದದ ಶೋಧಕವನ್ನು ಒತ್ತಡದ ಗಾಳಿಯಿಂದ ಊದುವುದು ವರ್ಕ್‌ಶಾಪುಗಳಲ್ಲಿ ರೂಢಿಯಲ್ಲಿದ್ದರೂ, ಅದರಿಂದ ಕಣ್ಣಿಗೆ ಕಾಣದ ರಂಧ್ರಗಳಾಗಬಹುದು.

ಜೋಡಿಸುವಾಗ ಫೋಮ್ ಶೋಧಕದ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚುವುದುಂಟು. ಸವಾರಿಯ ನಂತರ ಶೋಧಕದ ಆಚೆಗಿನ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ಸರಳ ಪರೀಕ್ಷೆ. ಬಟ್ಟೆಗೆ ಧೂಳು ಅಂಟಿದರೆ ಶೋಧಕ ಅಥವಾ ಅದರ ಸೀಲ್ ವಿಫಲವಾಗಿದೆ ಎಂದರ್ಥ. ಪ್ರಯೋಗಾಲಯದಲ್ಲಿ ಬಳಸಿದ ಎಂಜಿನ್ ಎಣ್ಣೆಯನ್ನು ಪರೀಕ್ಷಿಸಿದಾಗ ಸಿಲಿಕಾನ್ ಪ್ರಮಾಣ ಏರಿರುವುದೂ ಧೂಳು ನುಸುಳಿದ ಸೂಚನೆಯಾಗಬಹುದು.

ಭಾರತದಲ್ಲಿ

ಭಾರತದಲ್ಲಿ ಎಟಿವಿಗಳನ್ನು ಮುಖ್ಯವಾಗಿ ಖಾಸಗಿ ಜಮೀನು, ರೆಸಾರ್ಟ್ ಮತ್ತು ಸಾಹಸ ಕ್ರೀಡಾ ಕೇಂದ್ರಗಳಲ್ಲಿ ಬಳಸಲಾಗುತ್ತದೆ. ಗುಜರಾತಿನ ಕಛ್ ರಣ್ ಪ್ರದೇಶದ ಗಡಿ ಕಾವಲಿನಲ್ಲಿಯೂ ಇವು ಬಳಕೆಯಲ್ಲಿವೆ. ಕರ್ನಾಟಕದ ಕೊಡಗಿನಲ್ಲಿ ಪ್ರವಾಸಿಗರಿಗಾಗಿ ಎಟಿವಿ ಸವಾರಿಗಳು ನಡೆಯುತ್ತವೆ. ಇಂತಹ ಕಡೆ ಮಳೆಗಾಲದ ಕೆಸರು ಮತ್ತು ಬೇಸಿಗೆಯ ಒಣ ಧೂಳು ಎರಡನ್ನೂ ಒಂದೇ ವಾಹನ ಎದುರಿಸಬೇಕಾಗಿರುವುದರಿಂದ, ಋತುವಿಗೆ ತಕ್ಕಂತೆ ಶುಚಿಗೊಳಿಸುವ ಅವಧಿಯನ್ನು ಬದಲಿಸುವುದು ಉಚಿತ.

2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬ ಚಾಲಕನ ಎಟಿವಿಯನ್ನು ತಾವೇ ವಿನ್ಯಾಸಗೊಳಿಸಿ ನಿರ್ಮಿಸುತ್ತಾರೆ. ಕರ್ನಾಟಕದ ಕಾಲೇಜುಗಳ ತಂಡಗಳೂ ಇದರಲ್ಲಿ ಭಾಗವಹಿಸಿವೆ. ಗಂಟೆಗಟ್ಟಲೆ ಧೂಳಿನ ಹಾದಿಯಲ್ಲಿ ಸಾಗುವ ಇಂತಹ ವಾಹನಗಳಲ್ಲಿ ಗಾಳಿಯ ಒಳಹರಿವಿನ ಬಾಯಿಯನ್ನು ಚಕ್ರಗಳ ಧೂಳಿನಿಂದ ದೂರದಲ್ಲಿರಿಸುವುದು ವಿನ್ಯಾಸದ ಗಮನಾರ್ಹ ಅಂಶವಾಗಿದೆ.

ಇವನ್ನೂ ನೋಡಿ

• ಅಂತರ್ದಹನ ಎಂಜಿನ್
• ಕಾರ್ಬ್ಯುರೇಟರ್
• ಇಂಧನ ಇಂಜೆಕ್ಷನ್
• ಪಿಸ್ಟನ್ ರಿಂಗ್
• ಸಿಲಿಕಾ